ಮದುವೆ ಡಿಜೆಗೆ ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ?

ಮುಂಬಯಿಯಲ್ಲಿರುವ ನಮ್ಮ ಕಡೆಯವರ ಮನೆಯಲ್ಲಿ ಮದುವೆ ಗೊತ್ತಾದರೆ ಮೊದಲು ಒಂದು ಪಟ್ಟಿ ತಯಾರಾಗುತ್ತದೆ. ಹಾಲ್, ಊಟ, ಬಟ್ಟೆ, ಊರಿನಿಂದ ಬರುವವರ ರೈಲು ಟಿಕೆಟ್. ಇವುಗಳ ಖರ್ಚು ಹೆಚ್ಚಾದರೂ ಯಾರೂ ಅಷ್ಟಾಗಿ ತಕರಾರು ಮಾಡುವುದಿಲ್ಲ. ಪಟ್ಟಿ ಡಿಜೆಗೆ ಬಂತೋ, ಮಾತು ಏರುತ್ತದೆ. “ಮೂರು ಗಂಟೆ ಲ್ಯಾಪ್‌ಟಾಪ್ ಮುಂದೆ ನಿಂತು ಹಾಡು ಹಾಕೋನಿಗೆ ನಲವತ್ತು ಸಾವಿರವಾ?” ಅಂತ ಹಿರಿಯರು. “ಡಿಜೆ ಇಲ್ಲದ ಮೆಹೆಂದಿ ಅದೆಂಥ ಮೆಹೆಂದಿ?” ಅಂತ ಮಕ್ಕಳು.

ಮದುವೆಯಲ್ಲಿ ಸಂಗೀತವೇ ಬೇಡ, ದಫ್ ಇದ್ದರೆ ಸಾಕು ಅನ್ನುವ ಮನೆಗಳಿವೆ. ಅದು ಅವರವರ ನಂಬಿಕೆಗೆ ಬಿಟ್ಟದ್ದು, ಇಲ್ಲಿ ಆ ಚರ್ಚೆಗೆ ಹೋಗುವುದಿಲ್ಲ. ಡಿಜೆ ಇರಲಿ ಎಂದು ತೀರ್ಮಾನಿಸಿದ ಮನೆಯವರು ಕೊಡುವ ದುಡ್ಡಿಗೆ ತಕ್ಕದ್ದು ಸಿಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಅದೂ ಸಣ್ಣ ಪ್ರಶ್ನೆಯಲ್ಲ. ನಮ್ಮಲ್ಲಿ ಎಷ್ಟೋ ಮದುವೆಗಳು ಸಾಲದ ಮೇಲೆ ನಡೆಯುತ್ತವೆ. ಒಂದು ರಾತ್ರಿಯ ಸದ್ದಿನ ಕಂತನ್ನು ವರ್ಷಗಟ್ಟಲೆ ಕಟ್ಟುವವರಿದ್ದಾರೆ.

ಮೊದಲು ಡಿಜೆಯ ಕಡೆಯಿಂದ ನೋಡೋಣ. ಒಬ್ಬ ಡಿಜೆ 40,000 ರೂಪಾಯಿ ಹೇಳಿದ ಅಂತ ಇಟ್ಟುಕೊಳ್ಳಿ. ಅಷ್ಟೂ ಅವನ ಜೇಬಿಗೆ ಹೋಗುವುದಿಲ್ಲ. ಸ್ಪೀಕರ್, ಆಂಪ್ಲಿಫೈಯರ್, ಮಿಕ್ಸರ್, ಲೈಟು ಇವು ಬಹಳಷ್ಟು ಡಿಜೆಗಳ ಸ್ವಂತದ್ದಲ್ಲ, ಸೌಂಡ್ ಸರ್ವಿಸ್‌ನವರಿಂದ ಬಾಡಿಗೆಗೆ ತಂದದ್ದು. ಸಾಮಾನು ಹೊತ್ತು ತರಲು ಟೆಂಪೋ ಬೇಕು. ಇಳಿಸಿ, ಏರಿಸಿ, ವೈರ್ ಎಳೆದು ಜೋಡಿಸಲು ಮೂರ್ನಾಲ್ಕು ಹುಡುಗರು ಬೇಕು. ಹಾಲ್‌ನ ಕರೆಂಟ್ ಸಾಲದಿದ್ದರೆ ಜನರೇಟರ್ ಬೇರೆ. ಸಂಜೆ ಏಳಕ್ಕೆ ಹಾಡು ಶುರುವಾಗಬೇಕಾದರೆ ಮಧ್ಯಾಹ್ನವೇ ಸಾಮಾನು ಇಳಿದಿರಬೇಕು. ಮುಗಿದ ಮೇಲೆ ಬಿಚ್ಚಿ ಗೋಡೌನ್ ಸೇರಿಸುವಾಗ ನಡುರಾತ್ರಿ ದಾಟಿರುತ್ತದೆ. ನಾವು ಮೂರು ಗಂಟೆ ಅನ್ನುವುದು ಅವರಿಗೆ ಹತ್ತು ಹನ್ನೆರಡು ಗಂಟೆಯ ದುಡಿಮೆ. ಇದರಲ್ಲಿ ಹೆಚ್ಚು ಬೆವರು ಸುರಿಸಿ ಕಡಿಮೆ ಪಡೆಯುವವರು ಸ್ಪೀಕರ್ ಹೊರುವ ಆ ಹುಡುಗರು.

ಇನ್ನೊಂದು, ದುಡಿಮೆಯ ದಿನಗಳೇ ಕಡಿಮೆ. ಮುಂಬಯಿಯಲ್ಲಿ ನವೆಂಬರ್‌ನಿಂದ ಫೆಬ್ರುವರಿ, ಆಮೇಲೆ ಏಪ್ರಿಲ್, ಮೇ ಮದುವೆಯ ಕಾಲ. ನಡುವೆ ಗಣಪತಿ, ನವರಾತ್ರಿ, ಡಿಸೆಂಬರ್ 31 ಸಿಗುತ್ತವೆ. ಮಳೆಗಾಲದ ತಿಂಗಳುಗಳಲ್ಲಿ, ನಮ್ಮವರು ಮದುವೆ ಇಟ್ಟುಕೊಳ್ಳದ ರಮ್ಜಾನ್‌ನಲ್ಲಿ ಕೆಲಸ ಕಡಿಮೆ. ಹಾಗಾಗಿ ಸೀಸನ್‌ನ ಭಾನುವಾರ ಕೇಳುವ ದರದಲ್ಲಿ ಖಾಲಿ ದಿನಗಳ ಬಾಡಿಗೆಯೂ ಸೇರಿರುತ್ತದೆ. ನಮ್ಮ ತಾರೀಖು ವಾರದ ನಡುವೆ ಬಿದ್ದರೆ ಚೌಕಾಸಿ ಮಾಡಲು ಸಂಕೋಚ ಬೇಡ.

ಹಾಗಾದರೆ ಹಾಡು ಹಾಕುವ ಕೆಲಸಕ್ಕೆ ಬೆಲೆಯೇ ಇಲ್ಲವಾ? ಇದೆ. ಹಾಡುಗಳು ಎಲ್ಲರ ಮೊಬೈಲ್‌ನಲ್ಲೂ ಇವೆ, ಯಾವ ಹಾಡನ್ನು ಯಾವಾಗ ಹಾಕಬೇಕೆಂಬುದು ಮೊಬೈಲ್‌ಗೆ ಗೊತ್ತಿಲ್ಲ. ನಮ್ಮ ಮೆಹೆಂದಿ ರಾತ್ರಿಗೆ ಬರುವವರನ್ನೇ ನೋಡಿ. ಮಂಗಳೂರು, ಉಡುಪಿ ಕಡೆಯಿಂದ ಬಂದ ಅಜ್ಜಿಯಂದಿರು, ಇಲ್ಲೇ ಹುಟ್ಟಿ ಮರಾಠಿ, ಹಿಂದಿಯಲ್ಲಿ ಬೆಳೆದ ಮೊಮ್ಮಕ್ಕಳು, ಗಲ್ಫ್‌ನಿಂದ ರಜೆಯಲ್ಲಿ ಬಂದ ಮಾವ, ಪಕ್ಕದ ಬಿಲ್ಡಿಂಗಿನ ಗುಜರಾತಿಗಳು. ಇಷ್ಟೂ ಜನರಿಗೆ ತಮ್ಮದೊಂದು ಹಾಡಾದರೂ ಬಂತು ಅನ್ನಿಸಬೇಕು. ಹಳೇ ಕನ್ನಡ ಹಾಡಿಗೆ ಹಿರಿಯರು ಎದ್ದು ಬಂದಾಗ ಅದನ್ನು ಅರ್ಧಕ್ಕೆ ಕತ್ತರಿಸಬಾರದು. ಊಟಕ್ಕೆ ಕರೆಯುವ ಹೊತ್ತಿಗೆ ಸದ್ದು ತಾನಾಗಿ ಇಳಿಯಬೇಕು. ಹಿಡಿತ ತಪ್ಪುತ್ತಿರುವ ಹುಡುಗರ ಗುಂಪನ್ನು ಮೈಕ್‌ನಲ್ಲಿ ನಗುತ್ತಲೇ ಸುಮ್ಮನಾಗಿಸಬೇಕು. ಇದು ಅನುಭವದಿಂದ ಬರುವ ಕಸುಬು. ಇದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ.

ದಂಡವಾಗುವುದು ಬೇರೆ ಕಡೆ: ಬೇಕಿಲ್ಲದ ಸದ್ದಿಗೆ.

ಡಿಜೆಗಳ ಪ್ಯಾಕೇಜ್ ಸಾಮಾನ್ಯವಾಗಿ ಸ್ಪೀಕರ್‌ಗಳ ಎಣಿಕೆಯ ಮೇಲೆ ನಿಂತಿರುತ್ತದೆ. ಎರಡು ಟಾಪ್, ಎರಡು ಬೇಸ್‌ಗೆ ಒಂದು ದರ. ನಾಲ್ಕು ಟಾಪ್, ನಾಲ್ಕು ಬೇಸ್‌ಗೆ ಇನ್ನೊಂದು. “ಮದುವೆ ಮನೆ ಅಲ್ವಾ, ದೊಡ್ಡದೇ ಇರಲಿ” ಅಂತ ನಾವು ಒಪ್ಪಿಬಿಡುತ್ತೇವೆ. ಶಬ್ದದ ಲೆಕ್ಕ ಬೇರೆಯೇ ಇದೆ. ಆಂಪ್ಲಿಫೈಯರ್‌ನ ಶಕ್ತಿ ಎರಡು ಪಟ್ಟಾದರೆ ಹೆಚ್ಚುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಇಮ್ಮಡಿ ಆಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಅಂದರೆ ದರ ಜಿಗಿದಷ್ಟು ಅನುಭವ ಜಿಗಿಯುವುದಿಲ್ಲ. ನೂರೈವತ್ತು ಜನ ಹಿಡಿಸುವ ಹಾಲ್‌ಗೆ ಒಳ್ಳೆಯ ಎರಡು ಟಾಪ್, ಒಂದೆರಡು ಬೇಸ್ ಧಾರಾಳ ಸಾಕು.

ಹೆಚ್ಚಿನ ಸದ್ದಿನಿಂದ ಇನ್ನೊಂದು ನಷ್ಟ ಇದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ‘ನಿಯೋಶ್’ ಪ್ರಕಾರ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದು 100 ಡೆಸಿಬೆಲ್ ಆದರೆ ಮಿತಿ 15 ನಿಮಿಷಕ್ಕಿಳಿಯುತ್ತದೆ. ಸ್ಪೀಕರ್ ಪಕ್ಕದ ಟೇಬಲ್‌ನಲ್ಲಿ ತೊಟ್ಟಿಲ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತ ತಾಯಂದಿರನ್ನು ನೀವೂ ನೋಡಿರುತ್ತೀರಿ. ರಾತ್ರಿಯಿಡೀ ರೈಲಿನಲ್ಲಿ ಬಂದ ನೆಂಟರು ವರ್ಷಗಳ ಮೇಲೆ ಸಿಕ್ಕವರ ಜೊತೆ ನಾಲ್ಕು ಮಾತಾಡಲು ಹಾಲ್‌ನ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ನಿಂತಿರುತ್ತಾರೆ. ದುಡ್ಡು ಕೊಟ್ಟು ನೆಂಟರನ್ನು ಹೊರಗೆ ಕಳಿಸಿದ ಹಾಗಾಯಿತು.

ಇನ್ನು ಸಮಯದ ವಿಚಾರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣದಲ್ಲಿ ಒಳಗಿನವರಿಗಾಗಿ ಹಾಕಲು ವಿನಾಯಿತಿ ಇದೆ, ಆದರೆ ಸದ್ದು ಹೊರಗೆ ಹೋಗಿ ಮಿತಿ ದಾಟಬಾರದು. ವಸತಿ ಪ್ರದೇಶಕ್ಕೆ ಆ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್‌ವರೆಗಿನ ನಿಶ್ಶಬ್ದ ವಲಯದಲ್ಲಿ ಇನ್ನೂ ಬಿಗಿ. ನಮ್ಮವರ ಕಾರ್ಯಕ್ರಮ ಏಳಕ್ಕೆ ಅಂದರೆ ಒಂಬತ್ತಕ್ಕೆ ಶುರು. ಬಯಲಿನ ಲಾನ್ ಆಗಿದ್ದರೆ ನಾಲ್ಕು ಗಂಟೆಗೆ ದುಡ್ಡು ಕೊಟ್ಟು ಒಂದು ಗಂಟೆ ಹಾಡು ಕೇಳಿ ಏಳಬೇಕಾಗುತ್ತದೆ. ಇದಕ್ಕೆ ಡಿಜೆಯನ್ನು ಬೈದು ಪ್ರಯೋಜನವಿಲ್ಲ.

ಹಾಡಿನ ಲೈಸೆನ್ಸ್ ಅಂತ ಬೇರೆ ಹಣ ಕೇಳುವುದೂ ಉಂಟು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಧಾರ್ಮಿಕ ಸಮಾರಂಭಗಳಿಗೆ ವಿನಾಯಿತಿ ಕೊಟ್ಟಿದೆ. ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಎಂದು ಅಲ್ಲೇ ವಿವರಣೆ ಇದೆ. ಮದುವೆಗಳಿಂದ ರಾಯಧನ ವಸೂಲಿ ಮಾಡಬೇಡಿ ಎಂದು ಕೇಂದ್ರ ಸರಕಾರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆ 2023ರ ಜುಲೈಯಲ್ಲಿ ಸೂಚನೆಯನ್ನೂ ಹೊರಡಿಸಿತು. ಆದರೂ ಈ ವಿಷಯ ಕೋರ್ಟುಗಳ ಮೆಟ್ಟಿಲು ಹತ್ತಿದೆ, ಹೋಟೆಲ್‌ಗಳು ಲೈಸೆನ್ಸ್ ತೋರಿಸಿ ಅನ್ನುವುದೂ ಇದೆ. ಆದ್ದರಿಂದ ಅಂಥ ಖರ್ಚು ಬಂದರೆ ಯಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಅಡ್ವಾನ್ಸ್ ಕೊಡುವ ಮೊದಲು ಕೆಲವು ವಿಷಯ ಕೇಳಿ, ಉತ್ತರವನ್ನು ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ. ಈ ದರದಲ್ಲಿ ಟೆಂಪೋ, ಹುಡುಗರ ಕೂಲಿ, ಜನರೇಟರ್ ಸೇರಿದೆಯಾ? ಜಿಎಸ್‌ಟಿ ಒಳಗೋ, ಮೇಲೋ? 18 ಶೇಕಡಾ ಅಂದರೆ 40,000ಕ್ಕೆ 7,200 ರೂಪಾಯಿ. ಕೊನೆಗೆ ತಿಳಿದರೆ ತಲೆಬಿಸಿ. ಹಾಲ್ ನೋಡಿದ ಮೇಲೆ ಸ್ಪೀಕರ್ ಲೆಕ್ಕ ಹಾಕಿದ್ದಾ, ನೋಡದೆಯೇ ಹಾಕಿದ್ದಾ? ಆ ದಿನ ಬರುವವನು ನಾವು ಮಾತಾಡಿದ ಡಿಜೆಯೇ, ಅವನ ಹೆಸರಿನಲ್ಲಿ ಬೇರೊಬ್ಬನಾ? ಸೀಸನ್‌ನಲ್ಲಿ ಒಂದೇ ಹೆಸರಿನಲ್ಲಿ ಎರಡು ಮೂರು ಕಡೆ ಬುಕಿಂಗ್ ಹಿಡಿಯುವವರಿದ್ದಾರೆ. ನಾವು ಕೊಟ್ಟ ಹಾಡುಗಳ ಪಟ್ಟಿ, ಅದಕ್ಕಿಂತ ಮುಖ್ಯವಾಗಿ ಹಾಕಬಾರದ ಹಾಡುಗಳ ಪಟ್ಟಿ ಪಾಲಿಸುತ್ತಾನಾ? ಸಾಮಾನು ಕೆಟ್ಟರೆ ಬದಲಿ ಇದೆಯಾ?

ಇವಕ್ಕೆ ನೇರವಾಗಿ ಉತ್ತರಿಸುವ ಡಿಜೆ ಸ್ವಲ್ಪ ಹೆಚ್ಚು ಕೇಳಿದರೂ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. “ಎಲ್ಲ ಆಗುತ್ತೆ ಬಿಡಿ ಭಾಯಿ” ಅನ್ನುವವನು ಅರ್ಧ ದರಕ್ಕೆ ಬಂದರೂ ದುಬಾರಿಯೇ. ಇನ್ನು ಮನೆಯ ಕೈ ಅಷ್ಟು ಮೇಲೇಳುವುದಿಲ್ಲ ಅಂತಾದರೆ ಎರಡು ಸ್ಪೀಕರ್, ಒಂದು ಮೈಕ್ ಬಾಡಿಗೆಗೆ ತಂದು, ಹಾಡಿನ ಪಟ್ಟಿಯ ಹೊಣೆಯನ್ನು ಮನೆಯ ಹುಡುಗಿಯೊಬ್ಬಳಿಗೆ ಒಪ್ಪಿಸಿದರೆ ಏನೂ ಕಡಿಮೆಯಾಗದು. ಕಸುಬಿಗೆ ಕೊಡುವುದರಲ್ಲಿ ಜಿಪುಣತನ ಬೇಡ. ಎದುರು ಮನೆಯವರ ಮದುವೆಗಿಂತ ನಮ್ಮದು ಜೋರಾಗಿ ಕೇಳಿಸಲಿ ಅಂತ ಸಾಲ ಮಾತ್ರ ಮಾಡಬೇಡಿ. ಸದ್ದು ಹತ್ತು ಗಂಟೆಗೆ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.