ಗೋಡೆಗೆ ಹೇಳಿದ ಕತೆ ರಂಗಕ್ಕೆ ಬಂದ ಬಗೆ

ಭಾಗವತರು ಪದ ಹೇಳಿ ನಿಲ್ಲಿಸಿದಲ್ಲಿಂದ ಅರ್ಥಧಾರಿ ಮಾತು ಎತ್ತಿಕೊಳ್ಳುವ ಕ್ರಮ ನಮ್ಮ ಓದುಗರಿಗೆ ಹೊಸತಲ್ಲ. ಹಾಡು ಬೇರೆ, ಕತೆ ಬೇರೆ ಎಂಬ ಭೇದ ಪಾರ್ತಿಸುಬ್ಬನ ನಾಡಿನವರಿಗೆ ಸುಲಭದಲ್ಲಿ ಒಪ್ಪಿಗೆಯಾಗುವಂಥದಲ್ಲ. ದೂರದ ಐರ್ಲೆಂಡಿನಲ್ಲಿಯೂ ಒಂದು ಕಾಲಕ್ಕೆ ಹಾಡು ಕತೆಗಳ ಇಂಥದೇ ಕೂಟವಿತ್ತು. ಅದು ಕಡಿದುಹೋದ ಮೇಲೆ ನಾಟಕಶಾಲೆಯ ರಂಗದಲ್ಲಿ ಮತ್ತೆ ಅದನ್ನು ಕೂಡಿಸಲು ಅಲ್ಲಿಯವರು ಮಾಡಿದ ಯತ್ನವು, ಭಾಷಾ ಅಲ್ಪಸಂಖ್ಯಾತರಾದ ನಾವು ಅರಿತಿರಬೇಕಾದ ಸಂಗತಿ.

ಐರಿಷ್, ಸ್ಕಾಟ್ಲೆಂಡಿನ ಗೇಲಿಕ್, ವೇಲ್ಸಿನ ವೆಲ್ಷ್, ಫ್ರಾನ್ಸಿನ ಬ್ರೆಟನ್ ಇವೆಲ್ಲ ಕೆಲ್ಟಿಕ್ ಎಂಬ ಒಂದೇ ಕುಟುಂಬದ ಭಾಷೆಗಳು. ಕೆಲ್ಟಿಕ್ ಸಂಗೀತವೆಂದು ಲೋಕ ಕರೆಯುವುದು ಈ ಜನರ ಹಾಡು ವಾದ್ಯಗಳನ್ನೇ. ಹಿಂದೆ ಐರ್ಲೆಂಡಿನ ಒಡೆಯರ ಚಾವಡಿಗಳಲ್ಲಿ ಕವಿತೆಯೆಂದರೆ ಮೂವರ ಕೆಲಸವಾಗಿತ್ತು. ಪದ್ಯ ಕಟ್ಟುವವನು ಕವಿ. ಆದರೆ ಸಭೆಯಲ್ಲಿ ಅವನು ಸುಮ್ಮನೆ ಕುಳಿತಿರುವನು. ಅದನ್ನು ಹೇಳುವವನು ಬೇರೊಬ್ಬ. ಹೇಳುವವನ ದನಿಗೆ ಹಾರ್ಪ್ ಎಂಬ ತಂತಿವಾದ್ಯವನ್ನು ನುಡಿಸುವವನು ಮೂರನೆಯವನು. 1607ರಲ್ಲಿ ಉತ್ತರದ ಪ್ರಬಲ ಗೇಲಿಕ್ ಒಡೆಯರು ದೇಶ ಬಿಟ್ಟು ಯುರೋಪಿಗೆ ತೆರಳಿದರು. ಅಂಥ ಆಶ್ರಯ ತಪ್ಪುತ್ತ ಬಂದಂತೆ ಈ ಕೂಟವೂ ಚದುರಿತು. ಕತೆ ಬಡವರ ಒಲೆಯ ಬದಿಗೆ ಸೇರಿ ಅಲ್ಲಿಯೇ ಉಳಿಯಿತು. 1845ರಲ್ಲಿ ತೊಡಗಿದ ಬಟಾಟೆ ಕ್ಷಾಮದಲ್ಲಿ ಸುಮಾರು 10 ಲಕ್ಷ ಜನ ಸತ್ತು, ಅಷ್ಟೇ ಮಂದಿ ವಲಸೆ ಹೋದಾಗ ಐರಿಷ್ ಮಾತಾಡುವ ಪಶ್ಚಿಮ ಭಾಗದ ಎಷ್ಟೋ ಒಲೆಗಳು ಆರಿಹೋದವು.

ಮುಂದೆ ಏನಾಯಿತೆಂಬುದಕ್ಕೆ ಒಬ್ಬ ಮುದುಕನ ಉದಾಹರಣೆ ಸಾಕು. ಕೆರಿ ಜಿಲ್ಲೆಯ ಕಡಲಂಚಿನಲ್ಲಿ ಶಾನ್ ಓ ಕೊನೆಲ್ ಎಂಬ ಬೇಸಾಯಗಾರನಿದ್ದ. ಓದುಬರಹ ತಿಳಿಯದು, ಬಲ್ಲದ್ದು ಐರಿಷ್ ಒಂದೇ. ಕತೆಗಳು ಮಾತ್ರ ಅವನ ನಾಲಗೆಯ ಮೇಲೆ ರಾಶಿಯಾಗಿದ್ದವು. ಜಾನಪದ ಸಂಗ್ರಾಹಕ ಡೆಲಾರ್ಜಿಯವರು 1923ರಲ್ಲಿ ಅವನನ್ನು ಕಾಣುವ ಹೊತ್ತಿಗೆ ಕೇಳುವವರು ಇಲ್ಲವಾಗಿದ್ದರು. ಮರೆತುಹೋದೀತೆಂಬ ಹೆದರಿಕೆಯಿಂದ ಆತ ದನ ಮೇಯಿಸುವಾಗ ಕಲ್ಲಿನ ಗೋಡೆಗೆ ಕತೆ ಹೇಳುತ್ತಿದ್ದನಂತೆ. ಸಂತೆಯಿಂದ ಮರಳುವಾಗ ಗಾಡಿಯ ಬೆನ್ನಿಗೆ ಹೇಳುತ್ತಿದ್ದನಂತೆ, ಅದೂ ಕೈಸನ್ನೆ ಏರಿಳಿತಗಳ ಸಮೇತ! ಹೇಳುವವನಿಗೆ ಮೊದಲೇ ಕೇಳುವವನು ಸಾಯುತ್ತಾನೆ ಎಂದು ನಾವು ಇದನ್ನು ಓದಿದಾಗ ಅಂದುಕೊಂಡೆವು.

ಅದೇ ಕೆರಿಯ ಏಮನ್ ಕೆಲಿ ಎಂಬ ನಟರು 1970ರ ದಶಕದಲ್ಲಿ ಡಬ್ಲಿನ್ನಿನ ಅಬ್ಬಿ ನಾಟಕಶಾಲೆಯಲ್ಲಿ ಒಬ್ಬರೇ ಕುಳಿತು ಹಳ್ಳಿಯ ಕತೆ ಹೇಳಿ ಜನರನ್ನು ಹಿಡಿದಿಟ್ಟರು. ಆದರೆ ಅವರು ಹೇಳಿದ್ದು ಇಂಗ್ಲಿಷಿನಲ್ಲಿ. ಕೇಳುವವರು ಸಿಕ್ಕಿದರು, ಭಾಷೆ ಬದಲಾಯಿತು.

ಇನ್ನೊಂದು ದಾರಿ ಹಿಡಿದವರು ಟ್ರಲೀ ಪಟ್ಟಣದ ಪಾದ್ರಿ ಪ್ಯಾಟ್ ಅಹರ್ನ್. ಇಗರ್ಜಿಯ ಗಾಯಕವೃಂದ ಕಟ್ಟಲು ಬಂದವರು ಅವರು. ಸುತ್ತಲ ಹಳ್ಳಿಯ ಹಾಡುಗಾರರು, ಪಿಟೀಲಿನವರು, ಕುಣಿಯುವವರು ಇವರನ್ನೆಲ್ಲ ಕೂಡಿಸಿ ಆಟ ಆಡಿಸಿದರು. ಅದೇ ಬೆಳೆದು 1974ರಲ್ಲಿ ಶೀಮ್ಸ ತೀರೆ ಎಂಬ ಜಾನಪದ ರಂಗಸಂಸ್ಥೆಯಾಯಿತು. ಅವರ ಪ್ರಸಿದ್ಧ ಪ್ರಯೋಗದ ಹೆಸರು 'ಫದೋ ಫದೋ'. ಬಹಳ ಬಹಳ ಹಿಂದೆ ಎಂದರ್ಥ. ಐರಿಷ್ ಅಜ್ಜಿಕತೆಗಳಿಗೆ ಇದು ನಮ್ಮ 'ಒಂದಾನೊಂದು ಕಾಲದಲ್ಲಿ' ಇದ್ದ ಹಾಗೆ. ರಂಗದ ಮೇಲೆ ಒಂದು ಹುಲ್ಲುಮಾಡಿನ ಮನೆ. ಬೆಣ್ಣೆ ಕಡೆಯುವುದು, ತೆನೆ ಬಡಿಯುವುದು, ಬೈಹುಲ್ಲಿನ ಹಗ್ಗ ಹೊಸೆಯುವುದು, ಎಲ್ಲವೂ ಹಾಡಿನ ಲಯಕ್ಕೆ. ಸಂಭಾಷಣೆ ಇಲ್ಲವೆಂದೇ ಹೇಳಬೇಕು. ಹಾಡು ಐರಿಷಿನದು, ಕತೆಯನ್ನು ನಡೆಸುವುದು ಕೈಕಾಲುಗಳು. ಹೀಗಾಗಿ ಐರಿಷಿನ ಒಂದು ಶಬ್ದ ತಿಳಿಯದವನಿಗೂ ಆಟ ತಿಳಿಯುತ್ತದೆ. 1976ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೂ ತಂಡ ಹೋಗಿ ಬಂತು. 1991ರಲ್ಲಿ ಟ್ರಲೀಯಲ್ಲಿ ಅವರಿಗೆ ಸ್ವಂತ ನಾಟಕಶಾಲೆಯಾಯಿತು; ಅದರ ಆಕಾರ ಅಲ್ಲಿಯ ಪುರಾತನ ದುಂಡು ಕಲ್ಲುಕೋಟೆಯದು.

ಜಾಣತನದ ದಾರಿಯೇ ಸರಿ. ಆದರೆ ಮಾತಿಲ್ಲದ ಕತೆಯಿಂದ ಭಾಷೆ ಉಳಿದೀತೇ ಎಂದು ಕೇಳದಿರಲು ನಮ್ಮಿಂದಾಗದು. ತಾಳಮದ್ದಳೆಯಲ್ಲಿ ಅರ್ಥ ಬಿಟ್ಟರೆ ಏನುಳಿಯುತ್ತದೆ? ಐರಿಷ್ ಆ ದೇಶದ ಸಂವಿಧಾನದಲ್ಲಿ ಮೊದಲ ಅಧಿಕೃತ ಭಾಷೆ. 2022ರ ಜನಗಣತಿಯಲ್ಲಿ ಐರಿಷ್ ಬಲ್ಲೆವೆಂದವರು ಸುಮಾರು 18 ಲಕ್ಷ 70 ಸಾವಿರ. ಶಾಲೆಯ ಹೊರಗೆ ಅದನ್ನು ದಿನವೂ ಆಡುವವರು ಸುಮಾರು 72 ಸಾವಿರ ಮಾತ್ರ.

ಶೀಮ್ಸದವರು ಇದನ್ನು ಅರಿಯದವರಲ್ಲ. ಟ್ರಲೀ ಪಟ್ಟಣದಲ್ಲಿ ಮಾತ್ರ ಕುಳಿತಿರದೆ ಎರಡು ಹಳ್ಳಿಗಳಲ್ಲಿ ಕಲಿಕೆಯ ಮನೆಗಳನ್ನು ಕಟ್ಟಿಸಿದರು. ಒಂದು ಉತ್ತರ ಕೆರಿಯ ಫಿನೂಗಿನಲ್ಲಿ. ಊರೂರು ತಿರುಗಿ ಕುಣಿತ ಕಲಿಸುತ್ತಿದ್ದ ಜೆರಿ ಮನಿಕ್ಸ್ ಎಂಬ ಗುರುವಿನ ಹೆಜ್ಜೆಗಳು ಉಳಿದುಬಂದದ್ದು ಆ ಸೀಮೆಯಲ್ಲಿ. ಇನ್ನೊಂದು ಮನೆ ಪಶ್ಚಿಮ ಕೆರಿಯ ಕ್ಯಾರಿಗಿನಲ್ಲಿ, ಐರಿಷ್ ಮನೆಮಾತಾಗಿರುವ ಜನರ ನಡುವೆ.