ಪಿಎಚ್‌ಡಿ ಇಲ್ಲ, ವಿದೇಶ ವ್ಯಾಸಂಗವೂ ಇಲ್ಲ: ರಾಮನ್‌ಗೆ ಕಲ್ಕತ್ತಾ ವಿವಿ ಹುದ್ದೆ ಸಿಕ್ಕಿದ್ದು ಹೇಗೆ?

ಕೋಲ್ಕತ್ತಾ: ಇಂದು ವಿವಿ ಪ್ರಾಧ್ಯಾಪಕ ಹುದ್ದೆಗೆ ಸಾಮಾನ್ಯವಾಗಿ ಪಿಎಚ್‌ಡಿ ಜತೆಗೆ 10 ವರ್ಷಗಳ ಅನುಭವ ಬೇಕು. ಆ ಲೆಕ್ಕದಲ್ಲಿ ಸರ್ ಸಿ.ವಿ. ರಾಮನ್ ಅವರ ಅರ್ಜಿ ಮೊದಲ ಸುತ್ತಿನಲ್ಲೇ ತಿರಸ್ಕೃತವಾಗುತ್ತಿತ್ತು!

1907ರಲ್ಲಿ ಕಲ್ಕತ್ತಾಕ್ಕೆ ಬಂದ ರಾಮನ್ ಹಣಕಾಸು ಇಲಾಖೆಯ ಅಧಿಕಾರಿ. ಕಚೇರಿಗೆ ಮುನ್ನ ಮತ್ತು ನಂತರದ ಸಮಯವೆಲ್ಲ ಬೌಬಜಾರ್‌ನ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ. ಇದನ್ನು ಗಮನಿಸಿದವರು ವಿವಿ ಕುಲಪತಿ ಅಶುತೋಷ್ ಮುಖರ್ಜಿ. ವಕೀಲ ತಾರಕನಾಥ ಪಾಲಿತ್ ಅವರ ದತ್ತಿಯಿಂದ ಆರಂಭವಾಗಿದ್ದ ಭೌತಶಾಸ್ತ್ರ ಪೀಠಕ್ಕೆ ಅವರು ಈ ಯುವ ಅಧಿಕಾರಿಯನ್ನು ಆರಿಸಿದರು.

ಆದರೆ ಒಂದು ತೊಡಕಿತ್ತು. ವಿದೇಶದಲ್ಲಿ ತರಬೇತಿ ಪಡೆಯಬೇಕೆಂಬುದು ದತ್ತಿಯ ಷರತ್ತು. ರಾಮನ್ ಒಪ್ಪಲಿಲ್ಲ. ಕೊನೆಗೆ ಸಡಿಲವಾದದ್ದು ನಿಯಮವೇ. 1917ರಲ್ಲಿ ಅವರು ಹೆಚ್ಚಿನ ಸಂಬಳದ ಸರ್ಕಾರಿ ನೌಕರಿ ಬಿಟ್ಟು ಪೀಠಕ್ಕೆ ಬಂದರು. 1928ರ ಫೆಬ್ರವರಿ 28ರಂದು ಪತ್ತೆಯಾದ 'ರಾಮನ್ ಪರಿಣಾಮ'ಕ್ಕೆ 1930ರಲ್ಲಿ ನೊಬೆಲ್ ಬಂತು.

ಈ ಹುಡುಕಾಟ ಮೈಸೂರನ್ನೂ ಮುಟ್ಟಿತ್ತು. 1921ರಲ್ಲಿ ಕಲ್ಕತ್ತಾದ ತತ್ವಶಾಸ್ತ್ರ ಪೀಠದಿಂದ ಬ್ರಜೇಂದ್ರನಾಥ ಸೀಲ್ ಮೈಸೂರು ವಿವಿ ಕುಲಪತಿಯಾಗಿ ಬಂದರೆ, ಅದೇ ಪೀಠಕ್ಕೆ ಮಹಾರಾಜ ಕಾಲೇಜಿನ ಎಸ್. ರಾಧಾಕೃಷ್ಣನ್ ಹೋದರು. ಬೀಳ್ಕೊಡುವಾಗ ವಿದ್ಯಾರ್ಥಿಗಳು ಅವರ ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದಿದ್ದರು.

ರಾಮನ್ ಕೂಡ ಕಲ್ಕತ್ತಾದಲ್ಲೇ ಉಳಿಯಲಿಲ್ಲ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರನ್ನು ತನ್ನ ಮೊದಲ ಭಾರತೀಯ ನಿರ್ದೇಶಕರನ್ನಾಗಿ ಕರೆತಂದಿತು.