ಉಸಿರು ಹೆಚ್ಚಿದ ಎಂಜಿನು

ಎಂಜಿನಿಗೂ ಉಸಿರಾಟವುಂಟು. ಒಳಸೇರುವ ಗಾಳಿ ಹೆಚ್ಚಿದಷ್ಟೂ ಹೆಚ್ಚು ಪೆಟ್ರೋಲು ಉರಿದು ಬಲ ಹೆಚ್ಚುತ್ತದೆ. ಗಾಳಿಯನ್ನು ಹೀಗೆ ಬಲವಂತವಾಗಿ ಒಳಕ್ಕೆ ತುಂಬುವ ಯಂತ್ರವೇ ಸೂಪರ್‌ಚಾರ್ಜರ್.

ಇಂಗ್ಲೆಂಡಿನ ಹೆಸರಾಂತ ಕಾರುಪಂದ್ಯಗಾರ ಹೆನ್ರಿ ಬರ್ಕಿನ್, ನಾಲ್ಕೂವರೆ ಲೀಟರಿನ ಬೆಂಟ್ಲಿ ಕಾರಿಗೆ ಇದನ್ನು ಜೋಡಿಸಬಯಸಿದನು. ಆ ಕಾರನ್ನು ರೂಪಿಸಿದ ಡಬ್ಲ್ಯು. ಓ. ಬೆಂಟ್ಲಿಗೆ ಇದು ಎಳ್ಳಷ್ಟೂ ಒಪ್ಪಿಗೆಯಾಗಲಿಲ್ಲ. ಬಲ ಬೇಕಾದರೆ ದೊಡ್ಡ ಎಂಜಿನನ್ನೇ ಕಟ್ಟಬೇಕೆಂಬುದು ಆತನ ಮತ. ಬರ್ಕಿನ್ ಹಟ ಬಿಡಲಿಲ್ಲ. ಸುಮಾರು 110 ಅಶ್ವಶಕ್ತಿಯಿದ್ದ ಎಂಜಿನು, ಪಂದ್ಯದ ಕಾರಿನಲ್ಲಿ 240ರಷ್ಟಕ್ಕೆ ಏರಿತು. ಆದರೆ ಬಲದೊಡನೆ ಒತ್ತಡವೂ ಬೇಗೆಯೂ ಏರದಿರುವುದುಂಟೇ? ಅಂಥ ಬೇಗೆಗೆ ಮೊದಲು ತುತ್ತಾಗುವುವು ಪಿಸ್ಟನ್, ವಾಲ್ವು, ಸ್ಪಾರ್ಕ್ ಪ್ಲಗ್ಗುಗಳು.

1930ರ ಜೂನ್ ತಿಂಗಳು. ಫ್ರಾನ್ಸಿನ ಲ ಮಾನ್‌ನಲ್ಲಿ 24 ಗಂಟೆಗಳ ಪಂದ್ಯ. ಟೈರು ಕಿತ್ತುಬರುತ್ತಿದ್ದರೂ ಲೆಕ್ಕಿಸದೆ ಬರ್ಕಿನ್, ಮುಂದೋಡುತ್ತಿದ್ದ ಜರ್ಮನಿಯ ಮರ್ಸಿಡಿಸನ್ನು ಬೆನ್ನಟ್ಟಿ ಹಿಂದೆ ಹಾಕಿದನು. ಕಡೆಗೆ ಮರ್ಸಿಡಿಸೂ ಕೆಟ್ಟು ನಿಂತಿತು. ಸೂಪರ್‌ಚಾರ್ಜರ್ ತೊಟ್ಟ ಎರಡು ಬೆಂಟ್ಲಿಗಳೂ ಗುರಿ ಮುಟ್ಟಲಿಲ್ಲ. ಗೆದ್ದುದು ಮತ್ತೊಂದು ಬೆಂಟ್ಲಿ! ಅದಕ್ಕೆ ಸೂಪರ್‌ಚಾರ್ಜರ್ ಇರಲಿಲ್ಲ. ಇದ್ದುದು ಆರೂವರೆ ಲೀಟರಿನ ದೊಡ್ಡ ಎಂಜಿನು.

ಓಟದಲ್ಲಿ ವೇಗವೊಂದೇ ಸಾಲದು, ಬಾಳಿಕೆಯೂ ಬೇಕು.